ಅಂಗಡಿ ಟಿವಿ, ಎಲ್‌ಇಡಿ ಬೋರ್ಡು ಕೈಕೊಟ್ಟರೆ ಮೊದಲು ಏನು ನೋಡಬೇಕು?

ಬೆಳಗ್ಗೆ ಏಳು ಗಂಟೆ. ದರ್ಶಿನಿಯಲ್ಲಿ ಇಡ್ಲಿಗೆ ಕ್ಯೂ ನಿಂತಿದೆ. ಕ್ಯಾಷ್ ಕೌಂಟರ್ ಮೇಲಿನ ಮೂರು ಟಿವಿಗಳ ಪೈಕಿ ಎರಡರಲ್ಲಿ ಮೆನು ಬರುತ್ತಿದೆ. ಮೂರನೆಯದರಲ್ಲಿ 'ನೋ ಸಿಗ್ನಲ್' ಅನ್ನುವ ಪೆಟ್ಟಿಗೆ ಅತ್ತಿಂದಿತ್ತ ಓಡಾಡುತ್ತಿದೆ. ಬಂದವರೆಲ್ಲ "ಕಾಫಿ ಎಷ್ಟು?" ಅಂತ ಕೇಳುತ್ತಿದ್ದಾರೆ. ಇಂಥ ಹೊತ್ತಲ್ಲಿ ಮಾಲೀಕರು ನನಗೆ ಫೋನ್ ಮಾಡಿ ಹೇಳುವ ಮೊದಲ ಮಾತು ಒಂದೇ: "ಸರ್, ಟಿವಿ ಹೋಯ್ತು."

ಹೆಚ್ಚಿನ ಸಲ ಟಿವಿ ಹೋಗಿರುವುದಿಲ್ಲ. ಅಂಗಡಿಗಳಿಗೆ ಮೆನು ಟಿವಿ, ಓಡುವ ಅಕ್ಷರದ ಎಲ್‌ಇಡಿ ಬೋರ್ಡು ಹಾಕಿಕೊಡುವುದು ನನ್ನ ಕೆಲಸ. ಪರದೆಯೇ ಸತ್ತುಹೋಗಿದ್ದ ಕೇಸು ಕಡಿಮೆ. ಪ್ಲಗ್ಗು ಸಡಿಲ, ಕೇಬಲ್ ಹಾಳು, ವೈಫೈ ಪಾಸ್‌ವರ್ಡ್ ಬದಲಾಗಿದೆ, ಇವೇ ಜಾಸ್ತಿ. ಬೋರ್ಡು ಅಂದರೆ ಒಂದು ಸರಪಳಿ ಅಂದುಕೊಳ್ಳಿ. ಕರೆಂಟು, ಆಮೇಲೆ ಚಿತ್ರ ಕಳಿಸುವ ಬಾಕ್ಸು ಅಥವಾ ಪೆನ್‌ಡ್ರೈವ್, ಆಮೇಲೆ ಕೇಬಲ್, ಆಮೇಲೆ ಪರದೆ. ಕೊಂಡಿ ಎಲ್ಲಿ ಕಳಚಿದೆ ಅಂತ ಹುಡುಕುವುದೇ ರಿಪೇರಿಯ ಮುಕ್ಕಾಲು ಪಾಲು. ಅಷ್ಟನ್ನು ನೀವೇ ಮಾಡಬಹುದು.

ಮುಟ್ಟುವ ಮುಂಚೆ

ಗೋಡೆಯ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ಟಿವಿಯ ಹಿಂದಿನ ಕವಚ ಬಿಚ್ಚಬೇಡಿ. ಎಲ್‌ಇಡಿ ಬೋರ್ಡಿನ ಒಳಗಿರುವ ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಬೋರ್ಡಿಗೆ ಬೇಕಾದಷ್ಟಕ್ಕೆ ಇಳಿಸುವ ಡಬ್ಬಿಯನ್ನೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ನಲ್ಲಿ ಕರೆಂಟು ಸ್ವಲ್ಪ ಹೊತ್ತು ಉಳಿದಿರುತ್ತದೆ. ಬೋರ್ಡಿನ ಕಬ್ಬಿಣದ ಫ್ರೇಮಿಗೆ ಟೆಸ್ಟರ್ ಇಟ್ಟಾಗ ಅದು ಹೊಳೆದರೆ ಅಲ್ಲಿಗೇ ನಿಲ್ಲಿಸಿ. ಅರ್ಥಿಂಗ್ ಸರಿಯಿಲ್ಲ ಅಂತ ಅರ್ಥ. ಅದು ಎಲೆಕ್ಟ್ರಿಷಿಯನ್ ಕೆಲಸ, ನಿಮ್ಮದೂ ಅಲ್ಲ, ನನ್ನದೂ ಅಲ್ಲ.

ಇನ್ನೊಂದು ಮಾತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಕೇಬಲ್, ಬಾಕ್ಸು, ಸೆಟ್ಟಿಂಗು ಮೂರನ್ನೂ ಒಟ್ಟಿಗೆ ಬದಲಿಸಿದರೆ ಬೋರ್ಡು ಸರಿಹೋಗಬಹುದು. ಆದರೆ ತಪ್ಪು ಯಾವುದರಲ್ಲಿತ್ತು ಅಂತ ಗೊತ್ತಾಗುವುದಿಲ್ಲ. ಹಾಳಾದ ಕೇಬಲ್ ಮತ್ತೆ ಡ್ರಾಯರ್ ಸೇರುತ್ತದೆ, ಮುಂದಿನ ತಿಂಗಳು ಮತ್ತೆ ಹೊರಗೆ ಬರುತ್ತದೆ.

ಪರದೆ ಪೂರ್ತಿ ಕಪ್ಪು

ಮೊದಲು ಟಿವಿಯ ಕೆಳಗಿನ ಪುಟ್ಟ ದೀಪ ನೋಡಿ. ದೀಪವೇ ಇಲ್ಲದಿದ್ದರೆ ಕರೆಂಟು ಅಲ್ಲಿಗೆ ತಲುಪುತ್ತಿಲ್ಲ. ಅದೇ ಸಾಕೆಟ್‌ಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಚಾರ್ಜ್ ಆಗದಿದ್ದರೆ ಟಿವಿಯನ್ನು ಬೈಯುವ ಹಾಗಿಲ್ಲ, ಅಲ್ವಾ? ಹೋಟೆಲುಗಳಲ್ಲಿ ಮಿಕ್ಸಿ, ಜ್ಯೂಸ್ ಮಷೀನು, ಟಿವಿ ಎಲ್ಲ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ನೇತಾಡುತ್ತಿರುತ್ತವೆ. ಆ ಬಾಕ್ಸಿನೊಳಗಿನ ಪತ್ತಿ ಬಿಸಿಯಾಗಿ ಸಡಿಲಾಗಿರುವುದು ತುಂಬಾ ಸಾಮಾನ್ಯ.

ದೀಪ ಇದೆ, ರಿಮೋಟ್ ಒತ್ತಿದರೂ ಚಿತ್ರ ಇಲ್ಲ. ಆಗ ಪ್ಲಗ್ ತೆಗೆದು ಒಂದೆರಡು ನಿಮಿಷ ಬಿಟ್ಟು ಮತ್ತೆ ಹಾಕಿ. ರಿಮೋಟಿನಲ್ಲಿ ಆಫ್ ಮಾಡಿ ಆನ್ ಮಾಡಿದರೆ ಸಾಲದು, ಪ್ಲಗ್ಗೇ ಹೊರಗೆ ಬರಬೇಕು. ಇದಕ್ಕೂ ಬಗ್ಗದಿದ್ದರೆ ಟಾರ್ಚ್ ಪರೀಕ್ಷೆ ಮಾಡಿ. ಲೈಟು ಆರಿಸಿ, ಮೊಬೈಲ್ ಟಾರ್ಚನ್ನು ಪರದೆಯ ಹತ್ತಿರ ಓರೆಯಾಗಿ ಹಿಡಿದು ನೋಡಿ. ಮಸುಕಾಗಿ ಮೆನು ಕಾಣಿಸಿದರೆ ಚಿತ್ರ ಬರುತ್ತಿದೆ, ಹಿಂದಿನ ಬ್ಯಾಕ್‌ಲೈಟ್ ಮಾತ್ರ ಹೋಗಿದೆ. ಟಿವಿ ರಿಪೇರಿಯವರು ಎಲ್‌ಇಡಿ ಸ್ಟ್ರಿಪ್ ಬದಲಿಸಿಕೊಡುತ್ತಾರೆ. ಹೊಸ ಟಿವಿ ಬೇಕಾಗಿಲ್ಲ. ದಿನಕ್ಕೆ ಹದಿನಾರು ಗಂಟೆ ಫುಲ್ ಬ್ರೈಟ್‌ನೆಸ್ಸಿನಲ್ಲಿ ಓಡಿಸುವ ಮನೆ ಟಿವಿಗಳಿಗೆ ಈ ಗತಿ ಬೇಗ ಬರುತ್ತದೆ. ಬ್ರೈಟ್‌ನೆಸ್ ಸ್ವಲ್ಪ ತಗ್ಗಿಸಿಟ್ಟರೆ ಆಯಸ್ಸು ಜಾಸ್ತಿ.

ಪರದೆಯ ಮೇಲೆ ಉದ್ದಕ್ಕೆ ಬಣ್ಣದ ಗೆರೆಗಳು ಬಂದು, ಕೇಬಲ್ ಕಿತ್ತರೂ ಟಿವಿಯ ಸ್ವಂತ ಮೆನುವಿನ ಮೇಲೂ ಅವು ಉಳಿದರೆ ಅದು ಪ್ಯಾನೆಲ್ಲಿನ, ಅಂದರೆ ಚಿತ್ರ ಮೂಡುವ ಪರದೆಯದ್ದೇ ತೊಂದರೆ. ಪ್ಯಾನೆಲ್ ಬದಲಿಸುವ ಖರ್ಚಿಗೂ ಹೊಸ ಟಿವಿಗೂ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಅಲ್ಲಿ ನಾನೂ ಕೈಚೆಲ್ಲುತ್ತೇನೆ.

'ನೋ ಸಿಗ್ನಲ್'

ಟಿವಿ ಚೆನ್ನಾಗಿದೆ, ಅದಕ್ಕೆ ಏನೂ ಬರುತ್ತಿಲ್ಲ ಅಷ್ಟೇ. ರಿಮೋಟಿನ ಸೋರ್ಸ್ ಬಟನ್ ಒತ್ತಿ. ಬಾಕ್ಸಿನ ಕೇಬಲ್ಲನ್ನು ಟಿವಿಯ ಎಚ್‌ಡಿಎಂಐ 1 ಅನ್ನುವ ರಂಧ್ರಕ್ಕೆ ಸಿಕ್ಕಿಸಿದ್ದು, ಟಿವಿ ಎಚ್‌ಡಿಎಂಐ 2 ನೋಡುತ್ತಾ ಕೂತಿದ್ದರೆ ಇಡೀ ದಿನ ಹೀಗೇ. ಹಿಂದಿನ ರಾತ್ರಿ ಹುಡುಗರು ಕ್ರಿಕೆಟ್ ನೋಡಿರುತ್ತಾರೆ, ಸೋರ್ಸ್ ವಾಪಸ್ ಹಾಕಿರುವುದಿಲ್ಲ. ನಾನು ಇಪ್ಪತ್ತು ಕಿಲೋಮೀಟರ್ ಬೈಕಿನಲ್ಲಿ ಹೋಗಿ ಈ ಒಂದು ಬಟನ್ ಒತ್ತಿ ಬಂದಿದ್ದೇನೆ. ಪೆಟ್ರೋಲ್ ಖರ್ಚು ಕೇಳಲೂ ಮುಜುಗರ.

ಸೋರ್ಸ್ ಸರಿಯಿದ್ದರೆ ಬಾಕ್ಸಿನ ದೀಪ ನೋಡಿ. ದೀಪ ಇದ್ದರೆ ಕೇಬಲ್ ಸರದಿ. ಪಕ್ಕದ ಟಿವಿಯಲ್ಲಿ ಚೆನ್ನಾಗಿ ಓಡುತ್ತಿರುವ ಕೇಬಲ್ಲನ್ನು ಇದಕ್ಕೆ ಹಾಕಿ. ಚಿತ್ರ ಬಂತಾ? ಹಳೆ ಕೇಬಲ್ಲನ್ನು ಕತ್ತರಿಸಿ ಬಿಸಾಕಿ. ಕತ್ತರಿಸಿ ಅಂತ ಬೇಕಂತಲೇ ಹೇಳಿದೆ, ಇಲ್ಲದಿದ್ದರೆ ಯಾರೋ ಮತ್ತೆ ಎತ್ತಿಟ್ಟುಕೊಳ್ಳುತ್ತಾರೆ. ಬರಲಿಲ್ಲವಾ? ಈಗ ಬಾಕ್ಸನ್ನು ಅದಲುಬದಲು ಮಾಡಿ. ಎರಡು ಟಿವಿ ಇರುವ ಅಂಗಡಿಯಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ತೊಂದರೆ ಯಾವ ವಸ್ತುವಿನ ಜೊತೆ ಹೋಗುತ್ತದೋ ಅದೇ ಕಳ್ಳ.

ಚಿತ್ರ ಬಂದು ಬಂದು ಹೋಗುತ್ತಿದ್ದರೆ ಕೇಬಲ್ಲಿನ ಉದ್ದ ಅಳೆಯಿರಿ. ಸಾಮಾನ್ಯ ಎಚ್‌ಡಿಎಂಐ ಕೇಬಲ್ ಹತ್ತು ಮೀಟರ್ ದಾಟಿದರೆ ನೆಚ್ಚುವಂತಿಲ್ಲ. ಕೌಂಟರಿನ ಕೆಳಗಿನ ಕಂಪ್ಯೂಟರಿನಿಂದ ಬಾಗಿಲ ಬಳಿಯ ಟಿವಿಗೆ ಒಂದೇ ಕೇಬಲ್ ಎಳೆಯುವ ಬದಲು ಟಿವಿಯ ಹಿಂದೆಯೇ ಒಂದು ಆಂಡ್ರಾಯ್ಡ್ ಬಾಕ್ಸು ಅಂಟಿಸುವುದು ಅಗ್ಗ. ಬಾಕ್ಸು ಇಡಲು ಆಗದ ಜಾಗವಾದರೆ ಕ್ಯಾಟ್6 ಅನ್ನುವ ನೆಟ್‌ವರ್ಕ್ ವೈರಿನ ಮೇಲೆ ಚಿತ್ರವನ್ನು ದೂರ ಕಳಿಸುವ ಎಕ್ಸ್‌ಟೆಂಡರ್ ಸಿಗುತ್ತದೆ.

ಬಾಕ್ಸಿನ ಬದಲು ನೇರ ಎಚ್‌ಡಿಎಂಐ ರಂಧ್ರಕ್ಕೇ ಸಿಕ್ಕಿಸುವ ಪುಟ್ಟ ಸ್ಟಿಕ್ ಬಳಸುವವರಿಗೆ ಒಂದು ಕಿವಿಮಾತು. ಸ್ಟಿಕ್ಕಿಗೆ ಕರೆಂಟನ್ನು ಟಿವಿಯ ಯುಎಸ್‌ಬಿ ರಂಧ್ರದಿಂದ ಕೊಡಬೇಡಿ. ಯುಎಸ್‌ಬಿ 2.0 ಲೆಕ್ಕದಲ್ಲಿ ಅದು ಕೊಡುವುದು 500 ಮಿಲಿಆಂಪ್. ಸ್ಟಿಕ್ಕಿಗೆ ಸಾಮಾನ್ಯವಾಗಿ ಒಂದು ಆಂಪ್ ಆದರೂ ಬೇಕು. ಸುಮ್ನೆ ಲೋಗೋ ತೋರಿಸುತ್ತದೆ, ಆಫ್ ಆಗುತ್ತದೆ, ಮತ್ತೆ ಲೋಗೋ ತೋರಿಸುತ್ತದೆ. ಅದರ ಜೊತೆ ಬಂದ ಅಡಾಪ್ಟರನ್ನೇ ಗೋಡೆಗೆ ಹಾಕಿ.

ಕರೆಂಟು ಹೋಗಿ ಬಂದಾಗಲೆಲ್ಲ ಟಿವಿ ತಾನಾಗಿ ಆನ್ ಆಗುವುದಿಲ್ಲ ಅನ್ನುವುದು ದಿನನಿತ್ಯದ ದೂರು. ಮನೆ ಟಿವಿಗಳು ಕರೆಂಟು ಬಂದ ಮೇಲೆ ಸ್ಟ್ಯಾಂಡ್‌ಬೈನಲ್ಲಿ ನಿಲ್ಲುತ್ತವೆ. ಕೆಲವು ಮಾಡೆಲ್ಲುಗಳಲ್ಲಿ 'ಪವರ್ ಆನ್ ಮೋಡ್' ಅಥವಾ 'ಹೋಟೆಲ್ ಮೋಡ್' ಅಂತ ಸೆಟ್ಟಿಂಗ್ ಇರುತ್ತದೆ. ಅದರಲ್ಲಿ 'ಲಾಸ್ಟ್' ಅಂತ ಆರಿಸಿದರೆ ಮೊದಲಿದ್ದ ಸ್ಥಿತಿಗೇ ಬರುತ್ತದೆ. ಮಿನಿ ಕಂಪ್ಯೂಟರ್ ಬಳಸುವವರು ಬಯೋಸ್‌ನಲ್ಲಿ, ಅಂದರೆ ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಮೂಲ ಸೆಟ್ಟಿಂಗಿನಲ್ಲಿ, ಕರೆಂಟು ಬಂದ ಕೂಡಲೇ ಆನ್ ಆಗುವ ಆಯ್ಕೆ ಹುಡುಕಿ. ಇವೆರಡೂ ಇಲ್ಲದಿದ್ದರೆ ಟಿವಿಗೂ ಬಾಕ್ಸಿಗೂ ಒಂದು ಸಣ್ಣ ಯುಪಿಎಸ್ ಹಾಕಿ. ಎರಡಕ್ಕೂ ಹಾಕಬೇಕು. ಬರೀ ಟಿವಿಗೆ ಹಾಕಿ ಬಾಕ್ಸನ್ನು ಮರೆತವರು ಬೇಕಾದಷ್ಟು ಜನ ಇದ್ದಾರೆ.

ಚಿತ್ರ ಬರುತ್ತದೆ, ಆದರೆ ಅಂಚು ಕತ್ತರಿಸಿಹೋಗುತ್ತದೆ

ಬೇಕರಿಯೊಂದರಲ್ಲಿ ಎಲ್ಲ ರೇಟಿನ ಕೊನೆಯ ಅಂಕಿ ಮಾಯವಾಗಿತ್ತು. ಮುನ್ನೂರೈವತ್ತರ ಕೇಕು ಮೂವತ್ತೈದಕ್ಕೆ! ಇದಕ್ಕೆ ಓವರ್‌ಸ್ಕ್ಯಾನ್ ಅನ್ನುತ್ತಾರೆ. ಹಳೆಯ ಕಾಲದ ಟಿವಿ ಪ್ರಸಾರದ ಅಭ್ಯಾಸದಿಂದ ಕೆಲವು ಟಿವಿಗಳು ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಅಂಚನ್ನು ನುಂಗುತ್ತವೆ. ಪಿಕ್ಚರ್ ಸೈಜ್ ಮೆನುವಿಗೆ ಹೋಗಿ 'ಜಸ್ಟ್ ಸ್ಕ್ಯಾನ್', 'ಸ್ಕ್ರೀನ್ ಫಿಟ್', 'ಫುಲ್ ಪಿಕ್ಸೆಲ್' ಇವುಗಳಲ್ಲಿ ಯಾವುದಿದೆಯೋ ಅದನ್ನು ಹಾಕಿ. ಡಿಸೈನ್ ಮಾಡುವಾಗಲೇ ನಾಲ್ಕೂ ಕಡೆ ಅಂಚು ಬಿಟ್ಟರೆ ಈ ತಲೆನೋವೇ ಇಲ್ಲ.

ಪೆನ್‌ಡ್ರೈವ್ ಓದುತ್ತಿಲ್ಲ ಅಂದರೆ ಅದನ್ನು ಕಂಪ್ಯೂಟರಿನಲ್ಲಿ ಫ್ಯಾಟ್32 ಅನ್ನುವ ಬಗೆಯಲ್ಲಿ ಫಾರ್ಮ್ಯಾಟ್ ಮಾಡಿ, ವಿಡಿಯೋವನ್ನು ಎಚ್.264 ಎಂಪಿ4 ಅನ್ನುವ ರೂಪದಲ್ಲಿ ಹಾಕಿ. ಹಳೆಯ ಟಿವಿಗಳಿಗೂ ಇದು ಒಗ್ಗುತ್ತದೆ. ಫ್ಯಾಟ್32ರಲ್ಲಿ ಒಂದು ಫೈಲು 4 ಜಿಬಿ ಮೀರುವಂತಿಲ್ಲ. ಒಂದು ಸಲ ಆಡಿ ನಿಂತುಬಿಟ್ಟರೆ 'ರಿಪೀಟ್ ಆಲ್' ಆನ್ ಮಾಡಿ.

ಬೋರ್ಡಿನಲ್ಲಿ ಇನ್ನೂ ಹಳೇ ರೇಟು

ಇಂಟರ್‌ನೆಟ್‌ನಿಂದ ಮೆನು ತರುವ ಬಾಕ್ಸುಗಳದ್ದು ಬೇರೆಯೇ ಕಥೆ. ನೀವು ಮನೆಯಲ್ಲಿ ಕೂತು ಹೊಸ ರೇಟು ಹಾಕಿದ್ದೀರಿ, ಅಂಗಡಿಯಲ್ಲಿ ಹಳೆಯದೇ ಓಡುತ್ತಿದೆ. ಬಾಕ್ಸು ಕೊನೆಗೆ ಇಳಿಸಿಕೊಂಡಿದ್ದನ್ನೇ ತೋರಿಸುತ್ತಿದೆ ಅಂತ ಅರ್ಥ. ಮೊದಲ ಅನುಮಾನ ವೈಫೈ ಮೇಲೆ. ರೂಟರ್ ಬದಲಾಯಿಸಿದ್ದೀರಾ? ಪಾಸ್‌ವರ್ಡ್ ಬದಲಾಯಿಸಿದ್ದೀರಾ? ಫೋನಿಗೆ ಹೊಸದು ಹಾಕುತ್ತೇವೆ, ಟಿವಿಯ ಹಿಂದಿನ ಬಾಕ್ಸನ್ನು ಯಾರೂ ನೆನೆಯುವುದಿಲ್ಲ. ಅಗ್ಗದ ಕೆಲವು ಬಾಕ್ಸುಗಳಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಕಾಣುತ್ತದೆ. ರೂಟರಿನಲ್ಲಿ 5 ಗಿಗಾಹರ್ಟ್ಸ್ ಮಾತ್ರ ಆನ್ ಇದ್ದರೆ ಅವು ಪಾಪ ಕತ್ತಲಲ್ಲಿ ತಡಕಾಡುತ್ತಿರುತ್ತವೆ. ಟಿವಿಯ ತಗಡಿನ ಬೆನ್ನಿಗೆ ಬಾಕ್ಸು ಅಂಟಿಕೊಂಡಿದ್ದರೂ ಸಿಗ್ನಲ್ ಕುಗ್ಗುತ್ತದೆ. ಒಂದು ಗೇಣು ಹೊರಗೆ ಎಳೆದು ನೋಡಿ.

ವೈಫೈ ಇದೆ, ಆದರೂ ಹೊಸದು ಬರುತ್ತಿಲ್ಲ. ಈಗ ಬಾಕ್ಸಿನ ತಾರೀಖು ನೋಡಿ. ಅಗ್ಗದ ಬಾಕ್ಸುಗಳಲ್ಲಿ ಗಡಿಯಾರ ಉಳಿಸುವ ಬ್ಯಾಟರಿ ಇರುವುದಿಲ್ಲ. ಕರೆಂಟು ಹೋಗಿ ಬಂದರೆ 1970ರ ಜನವರಿ 1ಕ್ಕೆ ಹೋಗಿ ಕೂರುತ್ತವೆ. ಆಂಡ್ರಾಯ್ಡ್ ಕಾಲ ಎಣಿಸುವುದು ಅಲ್ಲಿಂದಲೇ. ಭದ್ರವಾದ ವೆಬ್ ಸಂಪರ್ಕಕ್ಕೆ ಒಂದು ಸರ್ಟಿಫಿಕೇಟ್ ಇರುತ್ತದೆ, ಅದಕ್ಕೆ ಶುರು ತಾರೀಖು, ಕೊನೆ ತಾರೀಖು ಇರುತ್ತವೆ. 1970ರಲ್ಲಿ ಕೂತವನಿಗೆ ಇವತ್ತಿನ ಸರ್ಟಿಫಿಕೇಟು ಇನ್ನೂ ಹುಟ್ಟೇ ಇಲ್ಲ! ಹಾಗಾಗಿ ಬಾಕ್ಸು ಸರ್ವರನ್ನು ನಂಬುವುದಿಲ್ಲ. ಸಮಯವನ್ನು 'ಆಟೊಮ್ಯಾಟಿಕ್' ಮಾಡಿ, ರೀಸ್ಟಾರ್ಟ್ ಮಾಡಿ. ನಾನು ಒಂದು ಪೂರ್ತಿ ಮಧ್ಯಾಹ್ನ ರೂಟರನ್ನು ಬೈದು, ಕೊನೆಗೆ ಮೂಲೆಯ ತಾರೀಖು ನೋಡಿ ಪೆಚ್ಚಾದ ಮೇಲೆ ಕಲಿತ ಪಾಠ ಇದು.

ಮೆಮೊರಿ ತುಂಬಿದರೂ ಹೊಸ ಫೈಲು ಇಳಿಯುವುದಿಲ್ಲ. ಕಳೆದ ವರ್ಷದ ದೀಪಾವಳಿ ಆಫರಿನ ವಿಡಿಯೋಗಳನ್ನು ಅಳಿಸಿ.

ಬಾಗಿಲ ಮೇಲಿನ ಓಡುವ ಅಕ್ಷರದ ಬೋರ್ಡು

ನಮ್ಮೂರುಗಳಲ್ಲಿ ಮೆಡಿಕಲ್ ಶಾಪಿನಿಂದ ದೇವಸ್ಥಾನದವರೆಗೆ ಎಲ್ಲ ಕಡೆ ಕಾಣುವ ಕೆಂಪು ಅಕ್ಷರದ ಬೋರ್ಡಿಗೆ ನಾವು ಪಿ10 ಅನ್ನುತ್ತೇವೆ. ಒಂದು ದೀಪಕ್ಕೂ ಇನ್ನೊಂದಕ್ಕೂ 10 ಮಿಲಿಮೀಟರ್ ದೂರ, ಅದಕ್ಕೇ ಆ ಹೆಸರು. ಬೋರ್ಡನ್ನು ಕಟ್ಟುವ ಒಂದೊಂದು ತುಂಡಿಗೆ ಮಾಡ್ಯೂಲು ಅನ್ನುತ್ತಾರೆ. ಅದು 32 ಸೆಂಟಿಮೀಟರ್ ಅಗಲ, 16 ಸೆಂಟಿಮೀಟರ್ ಎತ್ತರ. ಅದರಲ್ಲಿ 32 ಅಡ್ಡ, 16 ಉದ್ದ, ಒಟ್ಟು 512 ದೀಪ. ಇಂಥ ಮಾಡ್ಯೂಲುಗಳನ್ನು ಸಾಲಾಗಿ ಜೋಡಿಸಿ, ಒಂದರಿಂದ ಇನ್ನೊಂದಕ್ಕೆ 16 ಪಿನ್ನಿನ ಚಪ್ಪಟೆ ಕೇಬಲ್ ಹಾಕಿರುತ್ತಾರೆ. ಎಸ್‌ಎಂಪಿಎಸ್ 230 ವೋಲ್ಟನ್ನು 5 ವೋಲ್ಟ್ ಮಾಡಿ ಎಲ್ಲಕ್ಕೂ ಹಂಚುತ್ತದೆ. ಒಂದು ಪುಟ್ಟ ಕಾರ್ಡು ಅಕ್ಷರ ಕಳಿಸುತ್ತದೆ. ಇಷ್ಟೇ ಅದರ ಸಂಸಾರ. ಈ ಬೋರ್ಡಿನ ಒಳ್ಳೆಯ ಗುಣ ಏನೆಂದರೆ, ಎಲ್ಲಿ ಕೆಟ್ಟಿದೆ ಅಂತ ತಾನೇ ತೋರಿಸಿಕೊಡುತ್ತದೆ. ಕೆಳಗೆ ನಿಂತು ಎರಡು ನಿಮಿಷ ನೋಡಿ, ಫೋಟೊ ತೆಗೆಯಿರಿ. ಆಮೇಲೆ ಏಣಿ ಹತ್ತಿ.

ಪೂರ್ತಿ ಆರಿದ್ದರೆ ಎಸ್‌ಎಂಪಿಎಸ್‌ನ ದೀಪ ಉರಿಯುತ್ತಿದೆಯಾ ನೋಡಿ. ಮಲ್ಟಿಮೀಟರ್ ಇದ್ದರೆ ಅದರ ಔಟ್‌ಪುಟ್‌ನಲ್ಲಿ 5 ವೋಲ್ಟ್ ಇದೆಯಾ ಅಳೆಯಿರಿ. ಹೊಸ ಎಸ್‌ಎಂಪಿಎಸ್ ಹಾಕುವಾಗ ಒಂದು ಎಚ್ಚರ: ಕೆಲವಕ್ಕೆ ಪಕ್ಕದಲ್ಲಿ 110/220 ಅನ್ನುವ ಪುಟ್ಟ ಸ್ವಿಚ್ ಇರುತ್ತದೆ. ಅದು 110ರಲ್ಲಿದ್ದಾಗ ನಮ್ಮ 230 ವೋಲ್ಟ್ ಕೊಟ್ಟರೆ ಢಬ್ ಅಂತ ಸದ್ದು, ಹೊಗೆ, ಕಥೆ ಮುಗೀತು.

ಎಡದಿಂದ ನಾಲ್ಕು ಮಾಡ್ಯೂಲು ಚೆನ್ನಾಗಿದೆ, ಐದನೆಯದರಿಂದ ಕೊನೆಯವರೆಗೆ ಕತ್ತಲೆ ಅಥವಾ ಗಜಿಬಿಜಿ. ಅಕ್ಷರ ಒಂದು ಮಾಡ್ಯೂಲಿನ ಮೂಲಕವೇ ಮುಂದಿನದಕ್ಕೆ ಹೋಗುವುದರಿಂದ ತೊಂದರೆ ಇರುವುದು ಗಡಿಯಲ್ಲೇ. ಯಾವ ಕಡೆಯಿಂದ ಹರಿಯುತ್ತದೆ ಅನ್ನುವುದನ್ನು ಮಾಡ್ಯೂಲಿನ ಹಿಂದಿನ ಬಾಣದ ಗುರುತು ಹೇಳುತ್ತದೆ. ಗಡಿಯಲ್ಲಿ ಹೀಗೆ ಮಾಡಿ, ಇದೇ ಕ್ರಮದಲ್ಲಿ:

1. ಪ್ಲಗ್ ತೆಗೆದು, ನಾಲ್ಕು ಮತ್ತು ಐದರ ನಡುವಿನ ಚಪ್ಪಟೆ ಕೇಬಲ್ಲನ್ನು ಕಿತ್ತು ಮತ್ತೆ ಒತ್ತಿ ಹಾಕಿ. ಬಹಳ ಸಲ ಇಲ್ಲಿಗೇ ಮುಗಿಯುತ್ತದೆ.
2. ಐದನೆಯದಕ್ಕೆ ಬರುವ 5 ವೋಲ್ಟಿನ ಕೆಂಪು-ಕಪ್ಪು ವೈರು ಸಡಿಲವಾಗಿದೆಯಾ, ಸುಟ್ಟು ಕಂದಾಗಿದೆಯಾ ನೋಡಿ.
3. ಕೇಬಲ್ ಬದಲಿಸಿ.
4. ಐದನೆಯ ಮಾಡ್ಯೂಲನ್ನು ಬಿಚ್ಚಿ ಕೊನೆಯದರ ಜಾಗಕ್ಕೆ ಹಾಕಿ, ಕೊನೆಯದನ್ನು ಇಲ್ಲಿಗೆ ತನ್ನಿ. ಕತ್ತಲೆ ಕೊನೆಗೆ ಹೋಯಿತೆಂದರೆ ಐದನೆಯದೇ ಕೆಟ್ಟಿದೆ. ಹೋಗಲಿಲ್ಲವೆಂದರೆ ನಾಲ್ಕನೆಯದರ ಔಟ್‌ಪುಟ್ ಕೆಟ್ಟಿದೆ.

ಒಂದೇ ಮಾಡ್ಯೂಲಿನಲ್ಲಿ ನಾಲ್ಕು ಸಾಲಿಗೊಂದು ಸಾಲು ಉರಿಯದಿದ್ದರೆ, ಅಥವಾ ಎಂಟು ದೀಪ ಅಗಲ ನಾಲ್ಕು ದೀಪ ಎತ್ತರದ ಚೌಕವೊಂದು ಸತ್ತಿದ್ದರೆ ಕೇಬಲ್ ಹುಡುಕಬೇಡಿ. ಮಾಡ್ಯೂಲಿನ ಮೇಲಿನ ಐಸಿ, ಅಂದರೆ ದೀಪಗಳನ್ನು ಉರಿಸುವ ಪುಟ್ಟ ಚಿಪ್ಪು, ಹೋಗಿದೆ. ಬೆಸುಗೆ ಗೊತ್ತಿದ್ದವರು ಐಸಿ ಬದಲಿಸುತ್ತಾರೆ. ನನ್ನ ಅನುಭವದಲ್ಲಿ ಮಾಡ್ಯೂಲನ್ನೇ ಬದಲಿಸುವುದು ನೆಮ್ಮದಿ.

ಉದ್ದದ ಬೋರ್ಡಿನ ಕೊನೆ ಮಂಕಾಗಿದ್ದರೆ, ಅಕ್ಷರ ಜಾಸ್ತಿ ಬಂದಾಗ ಮಿಣುಕಿದರೆ, ವೋಲ್ಟೇಜ್ ದಾರಿಯಲ್ಲೇ ಸೋರುತ್ತಿದೆ. ಎಸ್‌ಎಂಪಿಎಸ್ ಬಳಿ 5 ಇದ್ದು ಕೊನೆಯ ಮಾಡ್ಯೂಲಿನಲ್ಲಿ ನಾಲ್ಕೂವರೆಗಿಂತ ಕೆಳಗಿದ್ದರೆ ದಪ್ಪ ವೈರು ಎಳೆಯಿರಿ, ಇಲ್ಲವೇ ಕೊನೆಗೆ ಇನ್ನೊಂದು ಎಸ್‌ಎಂಪಿಎಸ್ ಕೊಡಿ. ಎರಡು ಇದ್ದಾಗ ಎರಡರ ಮೈನಸ್ ಸೇರಿಸಬೇಕು, ಪ್ಲಸ್ ಸೇರಿಸಬಾರದು. ಮಾಡ್ಯೂಲುಗಳನ್ನು ಎರಡಕ್ಕೂ ಹಂಚಿಕೊಡಬೇಕು.

ಮೆಡಿಕಲ್ ಶಾಪಿನವರೊಬ್ಬರ ಬೋರ್ಡು ಹಗಲಿಡೀ ಉರಿದು ಸಂಜೆ ಆರು ಗಂಟೆಗೆ ಆರುತ್ತಿತ್ತು. ಯಾರೋ ಮಾಟ ಮಾಡಿಸಿದ್ದಾರೆ ಅನ್ನುವವರೆಗೂ ಮಾತು ಹೋಗಿತ್ತು. ಕಾರ್ಡಿನ ಬಟನ್ ಸೆಲ್ ಖಾಲಿಯಾಗಿ ಗಡಿಯಾರ ಹನ್ನೆರಡು ಗಂಟೆ ತಪ್ಪಿತ್ತು. ಟೈಮರ್ ಪಾಪ ತನ್ನ ಲೆಕ್ಕದಲ್ಲಿ ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಹೊಸ ಸೆಲ್ ಹಾಕಿ, ಬೋರ್ಡಿಗೆ ಅಕ್ಷರ ಕಳಿಸುವ ಫೋನಿನ ಆ್ಯಪಿನಲ್ಲಿ ಸಮಯ ಹೊಂದಿಸಿದರೆ ಆಯಿತು.

ಆ್ಯಪಿನ ವಿಷಯಕ್ಕೇ ಬಂದರೆ, "ಕಾರ್ಡಿನ ವೈಫೈಗೆ ಸೇರುತ್ತೆ, ಆದರೆ ಅಕ್ಷರ ಹೋಗ್ತಿಲ್ಲ" ಅನ್ನುವುದಕ್ಕೆ ಕಾರಣ ನಿಮ್ಮ ಫೋನು. ಕಾರ್ಡಿನ ವೈಫೈಯಲ್ಲಿ ಇಂಟರ್‌ನೆಟ್ ಇಲ್ಲ ಅಂತ ತಿಳಿದ ಕೂಡಲೇ ಫೋನು ಜಾಣತನ ಮಾಡಿ ಮೊಬೈಲ್ ಡೇಟಾಕ್ಕೆ ಹಾರುತ್ತದೆ. ಡೇಟಾ ಆಫ್ ಮಾಡಿ ಕಳಿಸಿ. ಜೊತೆಗೆ ಕಾರ್ಡಿನ ಪಾಸ್‌ವರ್ಡನ್ನೂ ಬದಲಿಸಿ. ಕಾರ್ಡಿನ ಜೊತೆ ಬಂದ ಪಾಸ್‌ವರ್ಡೇ ಇದ್ದರೆ, ಅದೇ ಆ್ಯಪ್ ಇರುವ ಯಾವ ಹುಡುಗ ಬೇಕಾದರೂ ರಸ್ತೆಯಲ್ಲಿ ನಿಂತು ನಿಮ್ಮ ಬೋರ್ಡಿನಲ್ಲಿ ಏನು ಬೇಕಾದರೂ ಬರೆಯಬಹುದು.

ಕನ್ನಡ ಒಡೆದು ಬರುತ್ತಿದೆ

ಇದು ನಮ್ಮದೇ ಸಮಸ್ಯೆ, ಬೋರ್ಡಿನ ಜೊತೆ ಬಂದ ಪುಸ್ತಕದಲ್ಲಿ ಉತ್ತರ ಸಿಗುವುದಿಲ್ಲ. ಇಂಗ್ಲಿಷ್ ಚೆನ್ನಾಗಿ ಓಡುತ್ತದೆ. 'ಸ್ಟೋರ್ಸ್' ಅಂತ ಹೊಡೆದರೆ 'ಸ್ ಟೋರ್ ಸ್' ಅಂತ ಬರುತ್ತದೆ. ಯುನಿಕೋಡ್‌ನಲ್ಲಿ ಒತ್ತಕ್ಷರ ಅಂತ ಬೇರೆ ಅಕ್ಷರ ಇಲ್ಲ. ಸ, ಹಲಂತ, ಟ ಹೀಗೆ ಸಾಲಾಗಿ ಇರುತ್ತದೆ. ಅದನ್ನು ಕೂಡಿಸಿ ಒತ್ತು ಬರೆಯುವುದು ತಂತ್ರಾಂಶದ ಕೆಲಸ. ಅಗ್ಗದ ಆ್ಯಪುಗಳು ಅದನ್ನು ಮಾಡುವುದಿಲ್ಲ.

ದಾರಿ ಮೂರು. ಒಂದು, ಫೋನು ಬಿಟ್ಟು ಕಂಪ್ಯೂಟರಿನ ತಂತ್ರಾಂಶ ಬಳಸಿ. ವಿಂಡೋಸ್ ತಾನೇ ಅಕ್ಷರ ಕೂಡಿಸುತ್ತದೆ, ನಿರ್ಮಲಾ ಯುಐ ಅಥವಾ ತುಂಗಾ ಫಾಂಟ್ ಆರಿಸಿ. ಎರಡು, 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ. ಅದರಲ್ಲಿ ಒತ್ತುಗಳು ಬಿಡಿ ತುಂಡುಗಳಾಗಿಯೇ ಇರುವುದರಿಂದ ಕೂಡಿಸುವ ಪ್ರಶ್ನೆ ಇಲ್ಲ. ಆದರೆ ಬೋರ್ಡಿನ ತಂತ್ರಾಂಶದಲ್ಲೂ ಅದೇ ಫಾಂಟ್ ಆರಿಸಬೇಕು. ಇಲ್ಲದಿದ್ದರೆ ತಲೆ ಮೇಲೆ ಗೀರು ಚುಕ್ಕೆ ಹೊತ್ತ ವಿಚಿತ್ರ ಇಂಗ್ಲಿಷ್ ಅಕ್ಷರಗಳ ಮೆರವಣಿಗೆ. ಮೂರನೆಯದು ನನಗೆ ಇಷ್ಟವಾದದ್ದು: ಬರೆದದ್ದನ್ನು ಚಿತ್ರ ಮಾಡಿ, ಬೋರ್ಡಿನ ಎತ್ತರಕ್ಕೆ ಸರಿಯಾಗಿ ಕತ್ತರಿಸಿ, ಚಿತ್ರವಾಗಿಯೇ ಕಳಿಸುವುದು. ಬೋರ್ಡಿಗೆ ಕನ್ನಡ ಗೊತ್ತಿರಬೇಕಾಗಿಯೇ ಇಲ್ಲ.

ಆದರೂ ಒಂದು ಮಿತಿ ಇದೆ. 16 ದೀಪದ ಎತ್ತರದಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಆರಾಮಾಗಿ ಕೂರುತ್ತದೆ. 'ಲಕ್ಷ್ಮಿ'ಗೆ ಮೇಲೆ ಗುಡಿಸು, ನಡುವೆ ಅಕ್ಷರ, ಕೆಳಗೆ ಎರಡು ಒತ್ತು. ಅದು ಮುದ್ದೆಯಾಗುತ್ತದೆ. ಕನ್ನಡ ಬೋರ್ಡು ಮಾಡಿಸುವವರು ಮೊದಲೇ ಎರಡು ಸಾಲು ಮಾಡ್ಯೂಲು, ಅಂದರೆ 32 ದೀಪದ ಎತ್ತರ ಕೇಳಿ. 2024ರ ತಿದ್ದುಪಡಿ ಬಂದ ಮೇಲೆ ಕರ್ನಾಟಕದ ಅಂಗಡಿ ಫಲಕಗಳಲ್ಲಿ ಶೇ 60 ಕನ್ನಡ ಇರಬೇಕಲ್ಲ, ಇದ್ದ ಮೇಲೆ ಓದಲು ಬರುವ ಹಾಗೆ ಇರಲಿ.

ಮಳೆಗಾಲ

ಸಾಮಾನ್ಯ ಪಿ10ಗಳಲ್ಲಿ ಮಳೆ ತಡೆಯುವುದು ಮುಖ ಮಾತ್ರ, ಬೆನ್ನಿಗೆ ನೀರು ಆಗುವುದಿಲ್ಲ. ಮಲೆನಾಡು, ಕರಾವಳಿಯವರು ಮೇ ತಿಂಗಳಲ್ಲೇ ಹಿಂದಿನ ತಗಡು, ಸಿಲಿಕೋನ್ ನೋಡಿಕೊಳ್ಳಿ. ಒಳಗೆ ಹೋಗುವ ವೈರನ್ನು ರಂಧ್ರಕ್ಕಿಂತ ಕೆಳಗೆ ಒಂದು ಸಲ ಜೋಲು ಬಿಟ್ಟು ಮೇಲೆ ಹತ್ತಿಸಿ. ನೀರು ಆ ಜೋಲಿನಲ್ಲಿ ತೊಟ್ಟಿಕ್ಕಿ ಬೀಳುತ್ತದೆ, ಒಳಗೆ ಹರಿಯುವುದಿಲ್ಲ. ನೀರು ಹೊಕ್ಕಿದ್ದರೆ ಒಣಗುವವರೆಗೆ ಆನ್ ಮಾಡಬೇಡಿ. "ಉರಿದರೆ ಬಿಸಿಗೆ ತಾನೇ ಒಣಗುತ್ತೆ" ಅಂದವರು ಹೊಸ ಬೋರ್ಡು ಕೊಂಡಿದ್ದಾರೆ.

ಇಷ್ಟೆಲ್ಲ ನೋಡಿದ ಮೇಲೂ ಸರಿಹೋಗದಿದ್ದರೆ ನನ್ನಂಥವರಿಗೆ ಫೋನ್ ಮಾಡಿ. ಮಾಡುವ ಮುಂಚೆ ಮೂರು ಫೋಟೊ ಕಳಿಸಿ: ಪರದೆಯ ಮುಖ, ಹಿಂದಿನ ವೈರುಗಳು, ಬಾಕ್ಸು ಅಥವಾ ಕಾರ್ಡಿನ ಮೇಲಿನ ಮಾಡೆಲ್ ನಂಬರು. ಜೊತೆಗೆ ನೀವು ಏನೇನು ಬದಲಿಸಿ ನೋಡಿದ್ದೀರಿ ಅಂತ ಎರಡು ಸಾಲು ಬರೆಯಿರಿ. ಆಗ ಬೇಕಾದ ಸಾಮಾನು ಹಿಡಿದುಕೊಂಡೇ ಬರುತ್ತೇವೆ, ಎರಡು ಸಲ ಓಡಾಡುವುದು ತಪ್ಪುತ್ತದೆ.